ಕಾಮಣಿ ಔಷಧದ ಮನೆಗೆ ಬಂದ ಕಾಮಣಿ

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಹಿತ್ತಲನ್ನು ನೋಡಿರಲಿಕ್ಕಿಲ್ಲ. ಅಕ್ಕಲಕೋಟ ತಾಲೂಕಿನಲ್ಲಿ, ನಾಗಣಸೂರಿನ ಆಚೆಗಿರುವ ನಮ್ಮೂರ ಮನೆಯ ಹಿಂದೆ, ಬಚ್ಚಲ ನೀರು ಕುಡಿದು ಬೆಳೆಯುವ ಒಂದು ಗಿಡವಿದೆ. ಅದರ ಎಲೆ ಅರೆದು ರಸ ಕುಡಿಸಿದರೆ ಕಾಮಣಿ ಇಳಿಯುತ್ತದೆ ಎಂದು ಅಜ್ಜನ ಕಾಲದಿಂದಲೂ ಸುತ್ತಲಿನ ಊರುಗಳಲ್ಲಿ ಹೆಸರು. ಕಾಮಣಿ ಅಂದರೆ ಪುಸ್ತಕದವರ ಕಾಮಾಲೆ, ಮರಾಠಿಯವರ ಕಾವೀಳ. ಹೆಸರು ಯಾವುದಾದರೇನು, ಕಣ್ಣು ಹಳದಿಯಾದವರೆಲ್ಲ ರವಿವಾರ ಮುಂಜಾನೆ ನಮ್ಮ ಕಟ್ಟೆಗೇ ಬರಬೇಕು.

ಔಷಧ ಕೊಡುತ್ತಿದ್ದವರು ನನ್ನ ಅಪ್ಪ. ಅವರು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ನಮ್ಮ ಕಡೆ ಕಂಡಕ್ಟರನಿಗೂ ಮಾಸ್ತರ ಅನ್ನುತ್ತಾರೆ, ಹಾಗಾಗಿ ಊರಿಗೆಲ್ಲ ಅವರು ಮಾಸ್ತರ. ರೋಗಿಗಳನ್ನೂ ಅವರು ಪ್ರಯಾಣಿಕರಂತೆಯೇ ನಡೆಸಿಕೊಳ್ಳುತ್ತಿದ್ದರು. "ಮುಂದ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ, ಹಿಂದ ಜಾಗಾ ಅದ!" ಎಂದು ಕೂಗಿ ಸಾಲು ಮಾಡಿಸಿ, ಒಬ್ಬೊಬ್ಬರ ಕೈಗೂ ಯಾವುದೋ ತೊಗಟೆಯ ಪುಡಿ ಹಚ್ಚಿ, ಸುಣ್ಣದ ತಿಳಿನೀರಿನಲ್ಲಿ ತೊಳೆಸುತ್ತಿದ್ದರು. ನೀರು ಹಳದಿಯಾಗುತ್ತಿತ್ತು. "ನೋಡ್ರಿ, ಹೆಂಗ ಇಳ್ಯಾಕತ್ತದ!" ಅನ್ನುತ್ತಿದ್ದರು. ಆಮೇಲೆ ರಸ, ಆಮೇಲೆ ಪಥ್ಯ. ಎಣ್ಣೆ ಇಲ್ಲ, ತುಪ್ಪ ಇಲ್ಲ, ಅರಿಸಿನ ಇಲ್ಲ, ಖಾರ ಇಲ್ಲ. ಒಗ್ಗರಣೆಯ ವಾಸನೆ ಕೂಡ ಮೂಗಿಗೆ ಬಡಿಯಬಾರದು. ದುಡ್ಡು ಮುಟ್ಟುತ್ತಿರಲಿಲ್ಲ. ಟಿಕೆಟ್ ಇಲ್ಲದ ಪ್ರಯಾಣ ಅಪ್ಪನ ಜೀವಮಾನದಲ್ಲಿ ಇದೊಂದೇ.

ಚಿಕ್ಕವಳಿದ್ದಾಗ ಒಮ್ಮೆ ನಾನೂ ಆ ಪುಡಿ ಹಚ್ಚಿಕೊಂಡು ಕೈ ತೊಳೆದೆ. ನೀರು ಹಳದಿಯಾಯಿತು. ನನಗೆ ಕಾಮಣಿ ಇರಲಿಲ್ಲ, ಗುಂಡುಕಲ್ಲಿನ ಹಾಗೆ ಇದ್ದೆ. ಓಡಿಹೋಗಿ ಅಪ್ಪನಿಗೆ ಹೇಳಿದರೆ, ಒಂದು ಕ್ಷಣ ಯೋಚಿಸಿ, "ಎಲ್ಲಾರ ಮೈಯಾಗೂ ಸಣ್ಣದೊಂದು ಕಾಮಣಿ ಇದ್ದ ಇರ್ತದ, ಯವ್ವಾ" ಅಂದರು. ಮೋಸ ಮಾಡುವ ಮನುಷ್ಯ ಇಷ್ಟು ಚಂದದ ಉತ್ತರ ಕೊಡಲಾರ. ಅವರು ನಂಬಿದ್ದರು. ನಂಬದಿರಲು ಕಾರಣವೂ ಇರಲಿಲ್ಲ, ಬಂದವರಲ್ಲಿ ಹೆಚ್ಚಿನವರು ಗುಣವಾಗುತ್ತಿದ್ದರಲ್ಲ! ಸಾಮಾನ್ಯವಾದ ಕಾಮಾಲೆ ವಿಶ್ರಾಂತಿ ಸಿಕ್ಕರೆ ಬಹಳ ಮಂದಿಗೆ ತಾನಾಗಿಯೇ ಇಳಿಯುತ್ತದೆ ಎಂದು ಡಾಕ್ಟರರು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ತಾನಾಗಿ ಇಳಿಯುವ ರೋಗಕ್ಕೆ ಔಷಧ ಕೊಡುವವನಷ್ಟು ಪುಣ್ಯವಂತ ಲೋಕದಲ್ಲಿ ಇನ್ನೊಬ್ಬನಿಲ್ಲ.

ಈ ಔಷಧಕ್ಕೆ ಎರಡು ಕಟ್ಟಳೆ. ಕೊಡುವವನು ತನ್ನ ಕೈಯಿಂದ ತಾನೇ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಹತ್ತುವುದಿಲ್ಲ. ಇನ್ನೊಂದು, ಮಗಳಿಗೆ ಕಲಿಸಬಾರದು, ಕಲಿಸಿದರೆ ವಿದ್ಯೆ ಬೇರೆ ಮನೆ ಸೇರುತ್ತದೆ. ನಾನು ಒಬ್ಬಳೇ ಮಗಳು. ಸೊಲ್ಲಾಪುರದಲ್ಲಿ ವಿದ್ಯುತ್ ಕಚೇರಿಯ ಗುಮಾಸ್ತೆ, ದಿನವಿಡೀ ಮರಾಠಿಯಲ್ಲಿ ಬೈಸಿಕೊಂಡು ಸಂಜೆ ಕನ್ನಡದಲ್ಲಿ ಬೈಯುವವಳು. ವಿದ್ಯೆ ಅಪ್ಪನ ಜೊತೆಗೇ ಮುಗಿಯುತ್ತದೆಂದು ಊರವರು ಮರುಗುತ್ತಿದ್ದರು, ನಾನು ಮರುಗುತ್ತಿರಲಿಲ್ಲ.

ಅಪ್ಪನ ರೋಗ ಬಂದದ್ದು ಒಳ್ಳೆಯ ಸುದ್ದಿಯ ವೇಷದಲ್ಲಿ. ಮೊದಲು, ವಂಶದಲ್ಲಿ ಯಾರಿಗೂ ಇರದ ಸಕ್ಕರೆ ಕಾಯಿಲೆ ಬಂತು. ಸಿಹಿ ಬಿಟ್ಟರು. ಮೈ ಇಳಿಯಿತು. ಹಳೆಯ ಖಾಕಿ ಪ್ಯಾಂಟು ಮತ್ತೆ ಹಿಡಿಸಿತೆಂದು ಊರೆಲ್ಲ ಹಾಕಿಕೊಂಡು ತಿರುಗಿದರು. "ತರುಣ ಆಗ್ಯೀನಿ ನೋಡು" ಎಂದು ಅವ್ವನಿಗೆ ಹೇಳಿದರಂತೆ. ಬೆನ್ನು ನೋಯುತ್ತದೆ ಅಂದಾಗ, ಬಸ್ಸಿನಲ್ಲಿ ವರ್ಷಗಟ್ಟಲೆ ನಿಂತದ್ದರ ಫಲ ಅಂದುಕೊಂಡೆವು. ಹೊಸ ಸಕ್ಕರೆ, ಇಳಿಯುವ ಮೈ, ನೋಯುವ ಬೆನ್ನು, ಮೂರೂ ಸೇರಿ ಒಂದೇ ಮಾತು ಹೇಳುತ್ತಿದ್ದವು. ನಾವು ಮೂರಕ್ಕೂ ಬೇರೆ ಬೇರೆ ಅರ್ಥ ಹಚ್ಚಿ ಸಮಾಧಾನವಾಗಿದ್ದೆವು.

ಒಂದು ದಿನ ಅವ್ವ ಫೋನು ಮಾಡಿ, ಯಾರಿಗೂ ಕೇಳಬಾರದೆಂಬಂತೆ ಪಿಸುಗುಟ್ಟಿದಳು. "ನಿಮ್ಮಪ್ಪ ಕರೇ ಚಸ್ಮಾ ಹಾಕ್ಕೊಂಡಾರ. ಮಲಗೂಮುಂದನೂ ತಗ್ಯಾಂಗಿಲ್ಲ. ನೀ ಬಾ."

ಹೋದೆ. ಅಪ್ಪ ಕಟ್ಟೆಯ ಮೇಲೆ ಸಿನಿಮಾದ ಖಳನಾಯಕನಂತೆ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಶನ್ ಆಗಿದೆ ಎಂದು ಊರಿಗೆ ಹೇಳಿದ್ದರು. ಒಳಗೆ ಕರೆದು ಕನ್ನಡಕ ತೆಗೆಸಿದೆ. ಕಣ್ಣು ಅರಿಸಿನದ ಬೇರು. ಜ್ವರವಿಲ್ಲ, ಹೊಟ್ಟೆನೋವಿಲ್ಲ, ಕಣ್ಣು ಮಾತ್ರ ಹಳದಿ.

"ನಡಿ ಅಪ್ಪಾ, ಸೊಲ್ಲಾಪುರಕ್ಕ ಹೋಗೂಣು" ಅಂದೆ.

"ಹುಚ್ಚಿ ಇದ್ದೀಯೇನು? ಕಾಮಣಿ ಔಷಧ ಕೊಡವರ ಮನ್ಯಾಗ ಕಾಮಣಿ ಆಗಿ ದವಾಖಾನಿಗಿ ಹೋದ್ರು ಅಂದ್ರ, ಮಂದಿ ನಕ್ಕ ನಕ್ಕ ಸಾಯ್ತಾರ."

"ಮಂದಿ ನಕ್ಕ ಸಾಯಲಿ, ನೀ ಬದುಕು!"

ಅವರು ಸೋಲಲಿಲ್ಲ. ತಮ್ಮ ಕೈಯಿಂದ ತಮಗೆ ಹತ್ತುವುದಿಲ್ಲ, ಆದ್ದರಿಂದ ನನಗೆ ಕಲಿಸುತ್ತೇನೆ ಅಂದರು. ಒಂದು ಕಟ್ಟಳೆ ಉಳಿಸಲು ಇನ್ನೊಂದನ್ನು ಮುರಿದರು. ಈ ಪಥ್ಯದ ಗಡುವು ಮುಗಿಯುವುದರೊಳಗೆ ಇಳಿಯದಿದ್ದರೆ ದವಾಖಾನೆ ಎಂದು ಮಾತು ತೆಗೆದುಕೊಂಡು ನಾನು ಎಲೆ ಅರೆಯಲು ಕೂತೆ. ಸುಣ್ಣದ ನೀರಿನಲ್ಲಿ ಅಪ್ಪನ ಕೈ ತೊಳೆದೆ. ನೀರು ಹಳದಿಯಾಯಿತು. ಆಗದೆ ಏನು ಮಾಡೀತು? ಅಪ್ಪ ಮಾತ್ರ ಆ ಬೋಗುಣಿಯನ್ನು ಬಹಳ ಹೊತ್ತು ನೋಡುತ್ತ ಕೂತರು.

ಆ ರವಿವಾರವೂ ಸಾಲು ಬಂತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ. ಅಪ್ಪ ಹಳದಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬೇರೆಯವರ ಕಣ್ಣಿನ ಹಳದಿ ಹುಡುಕುತ್ತಿದ್ದರು. ಒಬ್ಬಾಕೆಯ ರೆಪ್ಪೆ ಎತ್ತಿ, "ಭಾಳ ಆಗ್ಯದಲ್ಲವ್ವಾ, ಇಷ್ಟ ದಿನಾ ಯಾಕ ಸುಮ್ಮ ಕುಂತಿದ್ದಿ?" ಎಂದು ಗದರಿದರು. ಬಾಗಿಲ ಹಿಂದೆ ನಿಂತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವೋ ನಗುವೋ ನನಗೆ ತಿಳಿಯಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಗಡುವು ಮುಗಿಯಿತು. ಹಳದಿ ಇಳಿಯಲಿಲ್ಲ, ಅಪ್ಪ ಇಳಿದರು. ಮೈಯೆಲ್ಲ ತುರಿಕೆ, ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು. ಮೂತ್ರ ಕಡು ಚಹಾದ ಬಣ್ಣ, ಮಲ ಸುಣ್ಣದ ಬಣ್ಣ. ಕೊನೆಗೆ ತಾವೇ ಚೀಲ ತುಂಬಿಕೊಂಡು ಹೊರಟರು. "ನಮ್ಮ ಔಷಧ ಸುಳ್ಳಲ್ಲ, ರೋಗ ಬ್ಯಾರೆ ಅದ" ಅಂದರು. ಅವರ ಜೀವಮಾನದ ವೈದ್ಯಕಿಯಲ್ಲಿ ಅದಕ್ಕಿಂತ ಸರಿಯಾದ ಮಾತು ಇನ್ನೊಂದಿರಲಿಲ್ಲ.

ನಮ್ಮ ಕಡೆಯವರು ಯಾರೂ ಬಾರದ ದವಾಖಾನೆಗೆ ಕರೆದುಕೊಂಡು ಹೋಗು ಎಂಬುದು ಅವರ ಷರತ್ತು. ಸೊಲ್ಲಾಪುರದಲ್ಲಿ ಅಂಥದೊಂದು ಇದ್ದರೆ ತಾನೇ! ಒಳಗೆ ಕಾಲಿಡುತ್ತಲೇ ಭಂಡಾರಕವಠೆಯ ಒಬ್ಬ ಗೃಹಸ್ಥ ಎದ್ದು ನಿಂತು ಕೈ ಮುಗಿದ. ಹಿಂದೊಮ್ಮೆ ಅಪ್ಪನ ಔಷಧ ಕುಡಿದು ಗುಣವಾದವನಂತೆ.

"ಮಾಸ್ತರ, ನೀವಿಲ್ಲಿ?"

"ಮೋತಿಬಿಂದು" ಅಂದರು ಅಪ್ಪ.

"ಇದು ಹೊಟ್ಟಿ ದವಾಖಾನಿ ಅದರಿ."

"ಗೊತ್ತದ. ಕಣ್ಣಿನ ನರ ಹೊಟ್ಟಿಗೇ ಇರ್ತದ" ಎಂದು ಅಪ್ಪ ಕೂತುಬಿಟ್ಟರು.

ಸ್ಕ್ಯಾನ್ ಆಯಿತು. ಡಾಕ್ಟರರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಸಮಾಧಾನದ ಮನುಷ್ಯ. ಮರಾಠಿಯಲ್ಲಿ ಹೇಳುತ್ತ ಹೋದರು, ನಾನು ಕನ್ನಡ ಮಾಡುತ್ತ ಹೋದೆ. ಜಠರದ ಹಿಂದೆ, ಬೆನ್ನಿಗೆ ಆತುಕೊಂಡು ಒಂದು ಗ್ರಂಥಿ ಇದೆ. ತಿಂದದ್ದನ್ನು, ಅದರಲ್ಲೂ ಎಣ್ಣೆ ತುಪ್ಪವನ್ನು ಕರಗಿಸುವ ರಸ ಅದರದು. ಸಕ್ಕರೆಯನ್ನು ಹಿಡಿತದಲ್ಲಿಡುವುದೂ ಅದೇ. ಅದರ ತಲೆಭಾಗದಲ್ಲಿ ಗಡ್ಡೆ ಬೆಳೆದಿದೆ. ಪಿತ್ತ ಇಳಿದು ಬರುವ ನಾಳ ಅಲ್ಲಿಂದಲೇ ಹಾಯುವುದರಿಂದ ಗಡ್ಡೆ ಅದನ್ನು ಹಿಚುಕಿದೆ. ಕೆಳಗಿಳಿಯಬೇಕಾದ ಪಿತ್ತ ರಕ್ತಕ್ಕೆ ಸೇರಿ ಕಣ್ಣಿಗೇರಿದೆ. ಗಡ್ಡೆ ಕ್ಯಾನ್ಸರಿನದು, ಪಕ್ಕದ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಯಕೃತ್ತಿಗೂ ಹರಡಿದೆ. ಕೊಯ್ದು ತೆಗೆಯಲು ಬರುವುದಿಲ್ಲ.

ಮರಾಠಿಯಲ್ಲಿ ಆ ಗ್ರಂಥಿಗೆ ಸ್ವಾದುಪಿಂಡ ಅನ್ನುತ್ತಾರೆ. ಕನ್ನಡದಲ್ಲಿ ಅದು ಮೇದೋಜ್ಜೀರಕ. ಆ ಹೆಸರು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ರೋಗಿಗೆ ಇನ್ನಷ್ಟು ಸುಸ್ತಾಗುತ್ತದೆ, ಹಾಗಾಗಿ ಮರಾಠಿಯದನ್ನೇ ಇಟ್ಟುಕೊಂಡೆವು.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಹಳದಿ ಕಂಡ ದಿನಾನ ಬಂದಿದ್ರ?"

ಡಾಕ್ಟರರು ಹೇಳಿದರು. ಇದು ಸದ್ದಿಲ್ಲದೆ ಬೆಳೆಯುವ ಗಡ್ಡೆ, ಹಳದಿ ಕಾಣುವ ಮೊದಲೇ ಹರಡಿರಬಹುದು. ಆ ದಿನವೇ ಬಂದಿದ್ದರೆ ಆಪರೇಶನ್ ಆಗುತ್ತಿತ್ತೆಂದು ಹೇಳಲಾರೆ, ಆಗುತ್ತಿರಲಿಲ್ಲವೆಂದೂ ಹೇಳಲಾರೆ. ನಾನು ಅದನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಮಾಡಿದೆ. ಅಪ್ಪ ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. "ಬಸ್ಸ ಹೋದ ಮ್ಯಾಲ ಕೈ ಮಾಡಿದಂಗಾತು" ಅಂದರು. ಹೊರಗೆ ಬಂದು ನಾನು ಅತ್ತೆ. ಅವರು ಅಳಲಿಲ್ಲ.

ಬಾಯಿಂದ ಕ್ಯಾಮರಾದ ನಳಿಗೆ ಇಳಿಸಿ, ಹಿಚುಕಿಹೋದ ಪಿತ್ತನಾಳದಲ್ಲಿ ಸಣ್ಣದೊಂದು ಪೈಪು ಕೂರಿಸಿದರು. ಜ್ವರ, ಚಳಿ ಬಂದರೆ ಪೈಪು ಕಟ್ಟಿಕೊಂಡಿರಬಹುದು, ಬೆಳಗಾಗಲೆಂದು ಕಾಯದೆ ಬನ್ನಿ ಅಂದರು. ಮುಂದೆ ಕೀಮೋ ಸ್ವಲ್ಪ ದಿನ ನಡೆಯಿತು. ಮೈ ತಾಳದಾದಾಗ ಡಾಕ್ಟರರೂ ಅಪ್ಪನೂ ಕೂತು ಮಾತಾಡಿ ನಿಲ್ಲಿಸಿದರು. ನೋವಿನ ಗುಳಿಗೆಯನ್ನು ನೋವು ಬರುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಬೇಕೆಂದು ಹೇಳಿದ್ದರು, ಕಚೇರಿಗೆ ರಜೆ ಹಾಕಿ ಊರಲ್ಲೇ ಉಳಿದೆ, ಅದನ್ನು ಕೊಡುವುದು ನನ್ನ ಪಾಲು. ಇಷ್ಟೆಲ್ಲ ಸುಸೂತ್ರ. ಜಗಳ ಶುರುವಾದದ್ದು ಊಟದ ವಿಷಯಕ್ಕೆ, ಪೈಪು ಹಾಕಿದ ಹೊಸತರಲ್ಲೇ.

ಡಾಕ್ಟರರ ಪ್ರಕಾರ ಇನ್ನು ಅಪ್ಪನಿಗೆ ಪಥ್ಯವೇ ಇಲ್ಲ. ಸಕ್ಕರೆಗೆ ಔಷಧ ಇದೆ, ಅದನ್ನು ನಾವು ನೋಡಿಕೊಳ್ಳುತ್ತೇವೆ, ಇವರು ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ತಿನ್ನಲಿ, ಎಣ್ಣೆ ತುಪ್ಪ ಧಾರಾಳ ತಿನ್ನಲಿ. ಗ್ರಂಥಿಯ ರಸ ಸಾಲದ್ದರಿಂದ ಆ ರಸದ್ದೇ ಗುಳಿಗೆ ಕೊಟ್ಟಿದ್ದರು, ಮೊದಲ ತುತ್ತಿನ ಜೊತೆ ನುಂಗಬೇಕು. ಅಪ್ಪನಿಗೆ ಕಡಕ್ ರೊಟ್ಟಿ, ಎಣ್ಣೆ ಕಾರುವ ಶೇಂಗಾ ಚಟ್ನಿ ಅಂದರೆ ಜೀವ. ಆದರೆ ಕಾಮಣಿ ಔಷಧದವರ ಮನೆಯಲ್ಲಿ ಕಾಮಣಿಯವನಿಗೆ ಒಗ್ಗರಣೆಯೇ? "ಪಥ್ಯಾ ಬಿಟ್ಟ ಮ್ಯಾಲ ನಾ ಯಾರಿಗಿ ಪಥ್ಯಾ ಹೇಳ್ಲಿ?" ಎಂದು ಅಪ್ಪ ಸಪ್ಪನೆಯ ಗಂಜಿ ಮುಂದಿಟ್ಟುಕೊಂಡು ಕೂತರು. ಕಪ್ಪು ಕನ್ನಡಕ ಹೋದಮೇಲೆ ಅವರ ಕಾಮಣಿಯೂ ನಾನು ಎಲೆ ಅರೆದದ್ದೂ ಊರಿಗೆಲ್ಲ ಗೊತ್ತಾಗಿತ್ತು. ನೋಡಲು ಬಂದವರು ದಾಳಿಂಬೆಯ ಜೊತೆ ಅದೇ ಉಪದೇಶವನ್ನೂ ತಂದರು. "ಮಾಸ್ತರ, ಒಗ್ಗರಣಿ ವಾಸನಿ ಸೈತ ಬಡೀಬಾರದು. ನೀವ ಹೇಳಿದ್ದರಿ!" ಜೀವಮಾನವಿಡೀ ಊರಿಗೆ ಹಂಚಿದ ಪಥ್ಯವೆಲ್ಲ ಅಪ್ಪನಿಗೆ ಮರಳಿ ಬಂತು.

ಗುಳಿಗೆಯ ಕತೆ ಇನ್ನೊಂದು. ಅವ್ವ ಅದನ್ನು ಊಟವಾದ ಮೇಲೆ ಕೊಡುತ್ತಿದ್ದಳು. "ಅನ್ನದ ಮುಂದ ಗುಳಗಿ ಹೆಸರ ತಗೀಬಾರದವ್ವಾ, ಅನ್ನಕ್ಕ ಅವಮಾನ" ಅನ್ನುವವಳು. ಇತ್ತ ಅಪ್ಪ ತಿಂದದ್ದು ಮೈಗೆ ಹತ್ತದೆ, ಎಣ್ಣೆಯಾಗಿ ಹಾಗೇ ಹೊರಗೆ ಹೋಗುತ್ತಿತ್ತು. ಎಷ್ಟು ಹೇಳಿದರೂ ಇಬ್ಬರೂ ಕೇಳಲಿಲ್ಲ. ಒಂದು ದಿನ ನನಗೆ ತಲೆ ಕೆಟ್ಟಿತು.

"ಅಪ್ಪಾ, ಈ ಗುಳಗಿ ಕಂಡಕ್ಟರ ಇದ್ದಂಗ. ಮಂದಿ ಎಲ್ಲಾ ಇಳದ ಹೋದ ಮ್ಯಾಲ ಕಂಡಕ್ಟರ ಹತ್ತಿದ್ರ, ಟಿಕೀಟ ಯಾರಿಗಿ ಹರೀತಾನ?"

ಅಪ್ಪ ನನ್ನನ್ನು ನೋಡಿದರು, ಗುಳಿಗೆಯನ್ನು ನೋಡಿದರು. ಆಮೇಲೆ ಅವ್ವನ ಮೇಲೆ ಹರಿಹಾಯ್ದರು. "ಇಷ್ಟ ದಿನಾ ಖಾಲಿ ಗಾಡ್ಯಾಗ ಕಂಡಕ್ಟರನ್ನ ಕಳಿಸಾಕತ್ತಿದ್ದೇನು?" ಮರುದಿನದಿಂದ ಮೊದಲ ತುತ್ತಿಗೇ ಗುಳಿಗೆ. ಆದರೆ ತುತ್ತು ಮಾತ್ರ ಗಂಜಿಯದೇ.

ಅಷ್ಟರಲ್ಲಿ ಪೈಪು ತನ್ನ ಕೆಲಸ ಮಾಡಿತ್ತು. ಅಪ್ಪನ ಕಣ್ಣು ಬೆಳ್ಳಗಾದವು. ಊರಿಗೆ ಏನು ಕಂಡಿತು? ಮಾಸ್ತರರಿಗೆ ಕಾಮಣಿ ಆಗಿತ್ತು, ಮಗಳು ಔಷಧ ಕೊಟ್ಟಳು, ಮಾಸ್ತರರು ಪಥ್ಯ ಹಿಡಿದರು, ಕಾಮಣಿ ಇಳಿಯಿತು. ಸೊಲ್ಲಾಪುರಕ್ಕೆ ಹೋಗಿದ್ದು? ಮೋತಿಬಿಂದಿಗೆ! ಮುಂದಿನ ರವಿವಾರ ಸಾಲು ಬೇವಿನ ಮರ ದಾಟಿ ರಸ್ತೆಗೆ ಬಂತು. ಮರವಡೆಯಷ್ಟು ದೂರದ ಊರಿನಿಂದಲೂ ಗಾಡಿ ಮಾಡಿಕೊಂಡು ಬಂದಿದ್ದರು.

ಅಪ್ಪ ಗೋಡೆ ಹಿಡಿದು ಕಟ್ಟೆಗೆ ಬಂದರು. ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಅಲ್ಲಿ ಯಾರ ಹಳದಿ ಬರಿಯ ಹಳದಿ, ಯಾರದು ತಮ್ಮಂಥದು ಎಂದು ಅವರಿಗೆ ಗೊತ್ತಾಗುವಂತಿರಲಿಲ್ಲ. ಸುಣ್ಣದ ನೀರಿಗಂತೂ ಗೊತ್ತಾಗುತ್ತಿರಲಿಲ್ಲ. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು.

"ಕೇಳ್ರಿ" ಅಂದರು. "ನಂದು ಈ ಔಷಧದಿಂದ ಇಳದಿಲ್ಲ. ಒಳಗ ಪೈಪು ಹಾಕ್ಯಾರ. ನನಗ ಕ್ಯಾನ್ಸರ ಅದ. ಮನ್ಯಾಗ ಕುಂತು ಹೊತ್ತು ಕಳದೀನಿ. ನೀವು ಕಳೀಬ್ಯಾಡ್ರಿ, ಮದಲ ದವಾಖಾನಿಗಿ ಹೋಗ್ರಿ."

ಅಷ್ಟು ದಿನ ಹೆಸರಿಗಾಗಿ ಜೀವ ಪಣಕ್ಕಿಟ್ಟ ಮನುಷ್ಯ ಹೆಸರನ್ನು ಕಟ್ಟೆಯ ಮೇಲೆ ನಿಂತು ಚೆಲ್ಲಿಬಿಟ್ಟರು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಮುಂದೆ ಬಂದು ಅಪ್ಪನ ಕಾಲು ಮುಟ್ಟಿದಳು. "ದೊಡ್ಡವರು ತಮ್ಮ ದೊಡ್ಡಸ್ತನಾ ತಾವು ಹೇಳ್ಕೊಳ್ಳಾಂಗಿಲ್ಲ ನೋಡ್ರಿ" ಎಂದು ಹಿಂದಿನವರಿಗೆ ತಿಳಿಸಿದಳು. ಹಿಂದಿನವರೂ ಒಬ್ಬೊಬ್ಬರಾಗಿ ಕಾಲು ಮುಟ್ಟತೊಡಗಿದರು. ಸುಳ್ಳಿಗೆ ಸಿಗದ ಮರ್ಯಾದೆ ನಿಜಕ್ಕೆ ಸಿಕ್ಕಿತು, ಆದರೆ ನಿಜವನ್ನು ಯಾರೂ ನಂಬಲಿಲ್ಲ.

ಅಪ್ಪನಿಗೆ ರೇಗಿತು. "ರೊಟ್ಟಿ ತಾ!" ಎಂದು ಅವ್ವನಿಗೆ ಕೂಗಿದರು. "ಚಟ್ನಿ ತಾ! ಎಣ್ಣಿ ಸುರುವು!" ಅವ್ವ ತಂದಿಟ್ಟಳು. ಅಷ್ಟೂ ಜನರ ಎದುರು ಗುಳಿಗೆ ಬಾಯಿಗೆ ಹಾಕಿ, ಕಡಕ್ ರೊಟ್ಟಿಯನ್ನು ಎಣ್ಣೆ ಚಟ್ನಿಯಲ್ಲಿ ಅದ್ದಿ ಕಟುಂ ಎಂದು ಕಡಿದರು. ಎರಡನೆಯ ತುತ್ತಿಗೆ ಅವರ ಕಣ್ಣು ಮುಚ್ಚಿಕೊಂಡವು. ಸಿಟ್ಟು ಎಲ್ಲಿ ಹೋಯಿತೋ, ರುಚಿ ಬಂದುಬಿಟ್ಟಿತ್ತು. ಪಥ್ಯ ಸುಳ್ಳೆಂದು ತೋರಿಸಲು ಹೊರಟವರು ಅದನ್ನು ಮರೆತು ಊಟ ಮಾಡಿದರು. ಸಾಲು ಭಕ್ತಿಯಿಂದ ನೋಡುತ್ತಿತ್ತು. "ಅವರದು ಪಥ್ಯಾ ಮುಗದದ, ಅದಕ್ಕ ಉಣ್ಣಾಕತ್ತಾರ" ಎಂದು ಒಬ್ಬ ವಿವರಿಸಿದ.

ಅಪ್ಪ ಕೈ ತೊಳೆದರು. ಆಮೇಲೆ ಹಳೆಯ ಕಂಡಕ್ಟರನ ದನಿ ತೆಗೆದರು. "ಹಂಗಾದ್ರ ಕೇಳ್ರಿ, ಪಥ್ಯಾ ಬದಲಾಗ್ಯದ. ಇನ್ನ ಮ್ಯಾಲ ಈ ಔಷಧ ಹತ್ತಬೇಕಾದ್ರ, ಮದಲ ದವಾಖಾನ್ಯಾಗ ರಕ್ತಾ ತೋರಿಸಿ, ಹೊಟ್ಟಿ ಫೋಟೋ ತಗಿಸಿಕೊಂಡು ಬರಬೇಕು. ಕಾಗದ ಇಲ್ಲದವರಿಗಿ ಕೊಟ್ರ ವಿಷಾ ಆಗ್ತದ. ಹ್ಞಾಂ, ಮುಂದ ಸರೀರಿ!"

ಡಾಕ್ಟರನ ಮಾತಾಗಿದ್ದರೆ ನೂರು ನೆವ ಹೇಳುತ್ತಿದ್ದರು. ಪಥ್ಯ ಅಂದಮೇಲೆ ಯಾರೂ ಚಕಾರ ಎತ್ತಲಿಲ್ಲ. ಸಾಲು ತಿರುಗಿ ಬಸ್ ನಿಲ್ದಾಣದ ಕಡೆ ಹೊರಟಿತು. ಅಕ್ಕಲಕೋಟ, ಸೊಲ್ಲಾಪುರದ ಸ್ಕ್ಯಾನಿನವರಿಗೆ ಹಳದಿ ಕಣ್ಣಿನವರ ಈ ದಂಡು ಎಲ್ಲಿಂದ ಬಂತೆಂದು ತಿಳಿದಿರಲಿಕ್ಕಿಲ್ಲ.

ಮುಂದಿನ ರವಿವಾರಗಳಲ್ಲಿ ಅವರು ಕಾಗದ ಹಿಡಿದು ಬರುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. ಅಪ್ಪ ಹೊರಸಿನ ಮೇಲೆ, ಎದೆಗೆ ದಿಂಬು ಅವಚಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಿದ್ದರು, ಹಾಗೆ ಕೂತರೆ ಬೆನ್ನುನೋವು ಕಡಿಮೆ. ಕಾಲು ಊದಿದ್ದವು. ರೊಟ್ಟಿ ಕಡಿಯಲಾಗದೆ ಚಟ್ನಿಯನ್ನು ಬೆರಳಿನಿಂದ ನೆಕ್ಕುವ ಹಂತಕ್ಕೆ ಬಂದಿದ್ದರು.

ಅಪ್ಪನ ಕೊನೆಯ ರವಿವಾರ ಬಂದವನು ಮನೆ ಕಟ್ಟುವ ಗೌಂಡಿ ಕೆಲಸದ ಆಳು. ಸಿಟ್ಟಿನಿಂದ ಕುದಿಯುತ್ತಿದ್ದ.

"ಮಾಸ್ತರ, ನಿಮ್ಮ ಮಾತ ಕೇಳಿ ಹೋದ್ನಿ. ದುಡಿಮಿ ಹೋತು, ದಿನಾ ಹೋತು. ಏನೂ ಬರಲಿಲ್ಲರಿ! ಬರೇ ಕಾವೀಳ ಅಂತ. ಇಷ್ಟಕ್ಕ ಫೋಟೋ ತಗಸ್ಬೇಕಾಗಿತ್ತೇನ್ರಿ?"

ಕಾಗದ ತೆಗೆದುಕೊಂಡು ನೋಡಿದೆ. ಗಡ್ಡೆ ಇಲ್ಲ, ನಾಳ ತೆರೆದಿದೆ, ರಕ್ತದಲ್ಲಿ ಸಾಮಾನ್ಯ ಕಾಮಾಲೆ. ಅಪ್ಪ ಕತ್ತೆತ್ತಿ ನನ್ನ ಕಡೆ ನೋಡಿದರು.

"ಏನ ಬರದಾರ?"

"ಎಲ್ಲಾ ಸರಿ ಅದ ಅಂತ, ಅಪ್ಪಾ."

"ಸ್ವಾದುಪಿಂಡ?"

"ಸರಿ ಅದ."

"ಮತ್ತೊಮ್ಮಿ ಓದು."

ಓದಿದೆ. ಅಪ್ಪನ ಮುಖ ಅರಳಿತು. ತಮ್ಮದೇ ಕಾಗದ ಓದಿಸಿಕೊಂಡವರ ಹಾಗೆ ಉಸಿರು ಬಿಟ್ಟು ನಕ್ಕರು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಆ ಆಳು ತನ್ನ ಸಿಟ್ಟು ಮರೆತು ಗಾಬರಿಯಿಂದ ನಿಂತ. ಔಷಧಕ್ಕೆ ಕೈ ಚಾಚಿದ್ದನ್ನೂ ಹಾಗೆಯೇ ಬಿಟ್ಟಿದ್ದ.

"ಔಷಧ ಬ್ಯಾಡ ನಿನಗ" ಅಂದರು ಅಪ್ಪ. "ಡಾಕ್ಟರ ಹೇಳಿದಂಗ ಕೇಳು, ನಾಕ ದಿನಾ ಆರಾಮ ಮಾಡು. ಹೋಗು, ಉಣ್ಣು ಹೋಗು."

"ಮತ್ತ ಪಥ್ಯಾರಿ?"

"ಪಥ್ಯಾ ನಾ ಮಾಡೀನಿ" ಅಂದರು. ಅವ್ವ ಅವನಿಗೆ ಅಲ್ಲೇ ಊಟಕ್ಕೆ ಎಲೆ ಹಾಕಿದಳು. ಅವನು ಹಿಂಜರಿಯುತ್ತಲೇ ಕೂತು ರೊಟ್ಟಿ ಮುರಿದ. ಅಪ್ಪ ದಿಂಬಿನ ಮೇಲೆ ಗಲ್ಲ ಇಟ್ಟುಕೊಂಡು, ಅವನ ಊಟ ಮುಗಿಯುವವರೆಗೂ ನೋಡುತ್ತ ಕೂತರು.